ಹಾಳೆಯ ಮೇಲಣ ಸಾಸಿವೆ

ಮುಂಗಾರಿನ ಒಂದೆರಡು ಹದಮಳೆ ಬಿದ್ದ ಮೇಲೆ ಮದ್ದೂರಿನಿಂದ ಮಳವಳ್ಳಿಯತ್ತ ಸಾಗುವ ದಾರಿಯ ಇಕ್ಕೆಲಗಳಲ್ಲಿಯೂ ಬೆದ್ದಲು ಹೊಲಗಳ ಬದುಗಳ ಮೇಲೆಯೂ ಮೊಣಕಾಲೆತ್ತರದ ಗಿಡವೊಂದು ತಾನಾಗಿಯೇ ತಲೆಯೆತ್ತುತ್ತದೆ. ಅದಕ್ಕೆ ನಾಲ್ಕೇ ನಾಲ್ಕು ಹಳದಿ ದಳಗಳ ಹೂವು; ನೆಟ್ಟಗೆ ನಿಂತ ಸಪೂರವಾದ ಕಾಯಿ; ಕಾಯಿ ಒಡೆದರೆ ಕಪ್ಪುಮಿಶ್ರಿತ ಕಂದುಬಣ್ಣದ ಸಣ್ಣ ಕಾಳುಗಳು. ಮುಟ್ಟಿದರೆ ಬೆರಳಿಗೆ ಅಂಟು, ಮೂಸಿದರೆ ಘಾಟು. ದೂರದಿಂದ ಕಂಡವರು ಅದನ್ನು ಸಾಸಿವೆಯೆಂದು ಭ್ರಮಿಸಿದರೆ ಆಶ್ಚರ್ಯವಿಲ್ಲ. ಹೊಲದಲ್ಲಿ ದುಡಿಯುವವರು ಮಾತ್ರ ಮೋಸಹೋಗುವುದಿಲ್ಲ. ಅವರು ಅದನ್ನು ನಾಯಿಸಾಸಿವೆ ಎಂದು ಕರೆದು, ಕಳೆ ತೆಗೆಯುವಾಗ ಬೇರುಸಹಿತ ಕಿತ್ತು ಬದುವಿನಾಚೆಗೆ ಎಸೆಯುತ್ತಾರೆ.

ಗಿಡಗಳಿಗೆ ಹೆಸರಿಡುವುದರಲ್ಲಿ ಕನ್ನಡಿಗರದು ಜಾಣತನದ ಒಂದು ಕ್ರಮ. ಬೇಕಾದ ಗಿಡವೊಂದನ್ನು ಹೋಲುವ, ಆದರೆ ಅದಲ್ಲದ ಗಿಡಕ್ಕೆ 'ನಾಯಿ', 'ಕಾಡು', 'ಹುಚ್ಚು' ಎಂಬ ಮಾತುಗಳಲ್ಲಿ ಒಂದನ್ನು ಮುಂದೆ ಸೇರಿಸಿಬಿಡುತ್ತಾರೆ. ನಾಯಿತುಳಸಿ ಪೂಜೆಯ ತುಳಸಿಯಲ್ಲ, ಹುಚ್ಚೆಳ್ಳು ಎಳ್ಳಲ್ಲ. ಹುಚ್ಚೆಳ್ಳಿನ ಚಟ್ನಿಪುಡಿಯ ರುಚಿ ಬಲ್ಲವರು ಆ ಹೆಸರು ಅನ್ಯಾಯವಾದುದೆಂದು ದೂರಬಹುದು; ಆದರೂ ಅದು ಸೂರ್ಯಕಾಂತಿಯ ಬಳಗಕ್ಕೆ ಸೇರಿದ್ದೇ ಹೊರತು ಎಳ್ಳಿನ ಬಳಗಕ್ಕಲ್ಲ. ಇಂಥ ಹೆಸರುಗಳಲ್ಲಿ ಎರಡು ತಿಳಿವಳಿಕೆಗಳು ಒಟ್ಟಿಗೆ ಅಡಗಿವೆ. ಎರಡು ಗಿಡಗಳಿಗೆ ಹೋಲಿಕೆಯುಂಟೆಂಬುದು ಮೊದಲನೆಯದು, ಆದರೂ ಅವೆರಡೂ ಒಂದಲ್ಲವೆಂಬುದು ಎರಡನೆಯದು. ಹಾಗಾದರೆ ಹೋಲಿಕೆ ಎಷ್ಟು, ವ್ಯತ್ಯಾಸ ಎಷ್ಟು? ನಾಯಿಸಾಸಿವೆ ಸಾಸಿವೆಗೆ ನೆಂಟನೋ ಅಥವಾ ವೇಷಧಾರಿಯೋ? ಈ ಪ್ರಶ್ನೆಗೆ ಉತ್ತರ ಹುಡುಕುವವರು ಹೊಲದಿಂದ ಹೊರಟು ಒಣಗಿದ ಗಿಡಗಳ ಭಂಡಾರವೊಂದನ್ನು ಪ್ರವೇಶಿಸಬೇಕಾಗುತ್ತದೆ.

ಮೊದಲು ನಿಜವಾದ ಸಾಸಿವೆಯನ್ನು ನೋಡೋಣ. ಈ ಸೀಮೆಯಲ್ಲಿ ಸಾಸಿವೆಯನ್ನು ಉತ್ತರ ಭಾರತದಂತೆ ವಿಶಾಲವಾದ ಬಯಲುಗಳಲ್ಲಿ ಬೆಳೆಯುವ ವಾಡಿಕೆಯಿಲ್ಲ. ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳನ್ನು ಬಿಟ್ಟು, ಅವುಗಳಲ್ಲಿ ಅವರೆ, ತೊಗರಿ, ಹುಚ್ಚೆಳ್ಳುಗಳೊಡನೆ ಒಂದಿಷ್ಟು ಸಾಸಿವೆಯನ್ನೂ ಚೆಲ್ಲುತ್ತಾರೆ. ಮನೆಯ ಒಗ್ಗರಣೆಗೆ ಅಷ್ಟು ಸಾಕು. ಈ ಅಕ್ಕಡಿ ಪದ್ಧತಿ ಬಹಳ ಹಳೆಯದು. ಟಿಪ್ಪು ಸುಲ್ತಾನನ ಪತನವಾದ ಮರುವರ್ಷ, ಅಂದರೆ 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯನೂ ಸಸ್ಯಶಾಸ್ತ್ರಜ್ಞನೂ ಆಗಿದ್ದ ಫ್ರಾನ್ಸಿಸ್ ಬುಕಾನನ್ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಮದ್ದೂರು, ಮಂಡ್ಯಗಳ ಮಾರ್ಗವಾಗಿ ಪಯಣಿಸಿದನು. ರಾಗಿಯ ನಡುವೆ ಬೇರೆ ಧಾನ್ಯಗಳನ್ನು ಸಾಲುಸಾಲಾಗಿ ಬಿತ್ತುವ ಈ ನಾಡಿನ ಕ್ರಮವನ್ನು ಆತನು ವಿವರವಾಗಿ ಬರೆದಿಟ್ಟನು. ಆತನ ಪ್ರವಾಸಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು.

ಸಾಸಿವೆಯ ಹೂವನ್ನು ಅಂಗೈಯಲ್ಲಿಟ್ಟು ನೋಡಿದರೆ ನಾಲ್ಕು ದಳಗಳು ಶಿಲುಬೆಯಾಕಾರದಲ್ಲಿ ಹರಡಿಕೊಂಡಿರುವುದು ಕಾಣುತ್ತದೆ. ಆದ್ದರಿಂದಲೇ ಹಿಂದಿನ ಸಸ್ಯಶಾಸ್ತ್ರಜ್ಞರು ಈ ಕುಟುಂಬಕ್ಕೆ ಶಿಲುಬೆ ಹೊತ್ತದ್ದು ಎಂಬರ್ಥದ ಕ್ರೂಸಿಫೆರೆ ಎಂಬ ಹೆಸರಿತ್ತರು. ಈಗ ಅದನ್ನು ಬ್ರಾಸಿಕೇಸಿ ಎನ್ನುವುದೇ ಹೆಚ್ಚು. ದಳಗಳ ಒಳಗೆ ಆರು ಕೇಸರಗಳು. ಅವುಗಳಲ್ಲಿ ನಾಲ್ಕು ನೀಳ, ಎರಡು ಗಿಡ್ಡ. ಕಾಯಿಯ ಒಳಗೆ ತೆಳುವಾದ ಒಂದು ಪರದೆಯಿದ್ದು, ಅದರ ಎರಡು ಬದಿಗೂ ಬೀಜಗಳು ಕೂತಿರುತ್ತವೆ. ಮೂಲಂಗಿ, ಎಲೆಕೋಸು, ಹೂಕೋಸು ಎಲ್ಲವೂ ಈ ಕುಟುಂಬದವೇ. ಮೂಲಂಗಿಯ ಹೂವನ್ನು ಕಂಡ ವಿದ್ಯಾರ್ಥಿಗೆ ಈ ಮಾತನ್ನು ಬೇರೆ ವಿವರಿಸಬೇಕಾಗಿಲ್ಲ. ಇದು ಮುಖ್ಯವಾಗಿ ತಂಪುನಾಡುಗಳ ಕುಟುಂಬ. ಜಗತ್ತಿನಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು ಪ್ರಭೇದಗಳಿದ್ದರೂ ದಕ್ಷಿಣ ಭಾರತದ ಬಿಸಿಲುನೆಲದಲ್ಲಿ ತಾವಾಗಿ ಬೆಳೆಯುವಂಥವು ಬೆರಳೆಣಿಕೆಯಷ್ಟು ಮಾತ್ರ.

ನಾಯಿಸಾಸಿವೆಯ ಹೂವಿನಲ್ಲಿಯೂ ದಳಗಳು ನಾಲ್ಕೇ. ಆದರೆ ಕೇಸರಗಳನ್ನು ಎಣಿಸತೊಡಗಿದರೆ ಆರಕ್ಕೆ ನಿಲ್ಲುವುದಿಲ್ಲ; ಹತ್ತನ್ನು ದಾಟಿ ಕೆಲವೊಮ್ಮೆ ಇಪ್ಪತ್ತನ್ನೂ ಮುಟ್ಟುತ್ತವೆ. ಕಾಯಿಯನ್ನು ಸೀಳಿದರೆ ನಡುವಿನ ಪರದೆಯಿಲ್ಲ. ಸಾಸಿವೆಯ ಎಲೆ ಒಂಟಿ. ನಾಯಿಸಾಸಿವೆಯ ಎಲೆ ಅಂಗೈಯ ಬೆರಳುಗಳಂತೆ ಮೂರರಿಂದ ಐದು ಕಿರಿಯೆಲೆಗಳಾಗಿ ಒಡೆದಿರುತ್ತದೆ. ಇದೇ ಬಳಗದ ಇನ್ನೊಂದು ಗಿಡ ಬಿಳಿಯ ಹೂ ಬಿಡುತ್ತದೆ. ಅದರಲ್ಲಿ ಕೇಸರಗಳು ಆರೇ ಆದರೂ ಹೂವಿನ ನಡುವೆ ಎದ್ದ ಒಂದು ಕಡ್ಡಿಯ ಮೇಲೆ ಜೇಡನ ಕಾಲುಗಳಂತೆ ಚಾಚಿಕೊಂಡಿರುತ್ತವೆ. ಹೀಗೆ ಹೂವು, ಕಾಯಿ, ಎಲೆ ಮೂರೂ ಬೇರೆಯೆಂದು ಸಾಕ್ಷಿ ನುಡಿದುದರಿಂದ ಸಸ್ಯಶಾಸ್ತ್ರಜ್ಞರು ಈ ಗಿಡಗಳನ್ನು ಸಾಸಿವೆಯ ಕುಟುಂಬದಿಂದ ಹೊರಗಿಟ್ಟರು. ಬಹುಕಾಲ ಅವು ಕ್ಯಾಪರೇಸಿ ಎಂಬ ಕುಟುಂಬದಲ್ಲಿದ್ದವು. ಈಗ ಕ್ಲಿಯೋಮೇಸಿ ಎಂಬ ಪ್ರತ್ಯೇಕ ಕುಟುಂಬವಾಗಿವೆ.

ಕಥೆ ಇಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಸಸ್ಯಗಳ ಜೀವಕೋಶಗಳಲ್ಲಿರುವ ಡಿಎನ್ಎ ಎಂಬ ವಂಶದ್ರವ್ಯವನ್ನು ಹೋಲಿಸಿ ನೋಡುವ ವಿದ್ಯೆ ಬೆಳೆಯಿತು. ಆಗ ಸಾಸಿವೆಯ ಕುಟುಂಬಕ್ಕೆ ಎಲ್ಲರಿಗಿಂತ ಹತ್ತಿರದ ದಾಯಾದಿ ಈ ಕ್ಲಿಯೋಮೇಸಿಯೇ ಎಂಬುದು ತಿಳಿದುಬಂದಿತು. ಎರಡೂ ಬಳಗಗಳ ಘಾಟಿಗೆ ಕಾರಣವೂ ಒಂದೇ ಬಗೆಯ ಗಂಧಕಯುಕ್ತ ದ್ರವ್ಯಗಳು. ಹೊಲದಲ್ಲಿ ಕಳೆ ಕೀಳುತ್ತಿದ್ದವರು ಯಾವ ಯಂತ್ರದ ನೆರವೂ ಇಲ್ಲದೆ, ಕಣ್ಣು ಮೂಗುಗಳನ್ನೇ ನಂಬಿ, ಸಾಸಿವೆಯಲ್ಲ ಆದರೆ ಸಾಸಿವೆಯಂಥದು ಎಂದು ಇಟ್ಟ ಹೆಸರು ಸತ್ಯಕ್ಕೆ ಎಷ್ಟು ಸಮೀಪವಾಗಿತ್ತು!

ಈ ಬಗೆಯ ತೀರ್ಮಾನಗಳಿಗೆ ಆಧಾರವೆಲ್ಲಿದೆ? ಗಿಡ ಮಳೆಗಾಲಕ್ಕೆ ಹುಟ್ಟಿ ಬೇಸಗೆಗೆ ಸಾಯುತ್ತದೆ. ಮಳವಳ್ಳಿಯ ಗಿಡವನ್ನೂ ಆಫ್ರಿಕದ ಗಿಡವನ್ನೂ ಒಂದೇ ದಿನ ಒಂದೇ ಮೇಜಿನ ಮೇಲೆ ಹೋಲಿಸಿ ನೋಡಬೇಕಾದರೆ ಅವುಗಳನ್ನು ಕಾಪಿಡುವ ಉಪಾಯ ಬೇಕು. ಆ ಉಪಾಯವೇ ಹರ್ಬೇರಿಯಂ, ಅಂದರೆ ಒಣಸಸ್ಯ ಸಂಗ್ರಹ. ಗಿಡಗಳನ್ನು ಒತ್ತಿ ಒಣಗಿಸಿ ಕಾಗದಕ್ಕೆ ಅಂಟಿಸುವ ಪದ್ಧತಿಯನ್ನು ಹದಿನಾರನೆಯ ಶತಮಾನದಲ್ಲಿ ಇಟಲಿಯ ಲೂಕಾ ಘಿನಿ ಎಂಬ ವೈದ್ಯನು ತನ್ನ ಶಿಷ್ಯರಿಗೆ ಕಲಿಸಿದನೆಂದು ಹೇಳುತ್ತಾರೆ. ಆಗ ಅದನ್ನು ಒಣತೋಟ ಎಂದೇ ಕರೆಯುತ್ತಿದ್ದರು. ಮೊದಮೊದಲು ಅಂಥ ಹಾಳೆಗಳನ್ನು ಪುಸ್ತಕದಂತೆ ಹೊಲಿದುಬಿಡುತ್ತಿದ್ದರು. ಸ್ವೀಡನ್ನಿನ ಲಿನ್ನೇಯಸ್ ಹಾಳೆಗಳನ್ನು ಬಿಡಿಬಿಡಿಯಾಗಿಯೇ ಬೀರುವಿನಲ್ಲಿ ಜೋಡಿಸಿದನು. ಚಿಕ್ಕ ಬದಲಾವಣೆಯೆಂದು ತೋರಿದರೂ ಇದರ ಫಲ ದೊಡ್ಡದು: ತಿಳಿವಳಿಕೆ ಬದಲಾದಾಗ ಹಾಳೆಯನ್ನು ಒಂದು ಕುಟುಂಬದ ಖಾನೆಯಿಂದ ಇನ್ನೊಂದಕ್ಕೆ ಸರಿಸಬಹುದು. ಬೈಂಡು ಮಾಡಿದ ಪುಸ್ತಕದಲ್ಲಿ ಅದು ಸಾಧ್ಯವೇ?

ನಾಯಿಸಾಸಿವೆಯನ್ನು ಹಾಳೆಗೇರಿಸುವುದು ಸುಲಭದ ಕೆಲಸವಲ್ಲ. ಹೂವು, ಕಾಯಿ, ಎಲೆ, ಬೇರು ನಾಲ್ಕೂ ಇರುವ ಗಿಡವನ್ನು ಆರಿಸಬೇಕು. ಹೂದಳಗಳು ಬಲು ನವುರು; ಚೀಲದಲ್ಲಿ ತುರುಕಿ ಮನೆಗೆ ಒಯ್ದರೆ ದಾರಿಯಲ್ಲಿಯೇ ಬಾಡಿ ಉದುರುತ್ತವೆ. ಆದ್ದರಿಂದ ಬೆಳಗಿನ ಹೊತ್ತು ಹೊಲದ ಬದುವಿನಲ್ಲಿಯೇ ಕುಳಿತು ಹಳೆಯ ವೃತ್ತಪತ್ರಿಕೆಯ ಮಡಿಕೆಯೊಳಗೆ ಗಿಡವನ್ನು ಹರಡಬೇಕು. ಒಂದೆರಡು ಎಲೆಗಳನ್ನು ಮಗುಚಿ ಇಡುವುದು ವಾಡಿಕೆ. ಒಣಗಿದ ಮೇಲೆ ಎಲೆಯ ಬೆನ್ನನ್ನು ನೋಡಲು ಬೇರೆ ದಾರಿಯಿಲ್ಲ. ಆಮೇಲೆ ಮರದ ಪಟ್ಟಿಗಳ ಚೌಕಟ್ಟಿನ ನಡುವೆ ಇಟ್ಟು ಹಗ್ಗದಿಂದ ಬಿಗಿಯಬೇಕು. ಕಾಗದವನ್ನು ಪ್ರತಿದಿನವೂ ಬದಲಿಸಬೇಕು. ಮಳೆಗಾಲದಲ್ಲಿ ಒಂದು ದಿನ ಸೋಮಾರಿತನ ಮಾಡಿದರೂ ಬೂಷ್ಟು ಹಿಡಿಯುತ್ತದೆ. ಇಲ್ಲಿಯೇ ಈ ಗಿಡದ ಅಂಟು ತೊಡಕಾಗುತ್ತದೆ. ಕಾಂಡದ ಮೇಲಿನ ಗ್ರಂಥಿರೋಮಗಳು ಅಂಟುದ್ರವ ಸೂಸುವುದರಿಂದ ಗಿಡವು ವೃತ್ತಪತ್ರಿಕೆಗೆ ಹತ್ತಿಕೊಳ್ಳುತ್ತದೆ, ಎಳೆದರೆ ಹರಿಯುತ್ತದೆ. ಬಲ್ಲವರು ಮೇಣದ ಕಾಗದವನ್ನು ನಡುವೆ ಹಾಸುತ್ತಾರೆ. ಒಣಗಿದ ಗಿಡವನ್ನು ಸುಮಾರು 42 ಸೆಂಟಿಮೀಟರ್ ಉದ್ದ, 28 ಸೆಂಟಿಮೀಟರ್ ಅಗಲದ ದಪ್ಪ ಹಾಳೆಗೆ ಅಂಟಿಸಿಯೋ ಹೊಲಿದೋ ನಿಲ್ಲಿಸುತ್ತಾರೆ. ಉದುರಿದ ದಳ, ಬೀಜಗಳನ್ನು ಎಸೆಯುವುದಿಲ್ಲ. ಹಾಳೆಯ ಮೂಲೆಯಲ್ಲಿ ಪುಟ್ಟ ಲಕೋಟೆಯೊಂದನ್ನು ಅಂಟಿಸಿ ಅದರೊಳಗೆ ಇಡುತ್ತಾರೆ. ಹಿಂದೆ ಹುಳುಗಳ ಕಾಟಕ್ಕೆ ಪಾದರಸದ ವಿಷಲವಣವನ್ನು ಲೇಪಿಸುತ್ತಿದ್ದರು. ಆದ್ದರಿಂದ ಹಳೆಯ ಹಾಳೆಗಳನ್ನು ಮುಟ್ಟಿದವರು ಕೈ ತೊಳೆಯದೆ ಊಟಕ್ಕೆ ಕೂರಬಾರದು.

ಇಷ್ಟು ಶ್ರಮಪಟ್ಟ ಮೇಲೂ ಬಲಗಡೆಯ ಕೆಳಮೂಲೆಯಲ್ಲಿ ಒಂದು ಚೀಟಿ ಇಲ್ಲದಿದ್ದರೆ ಆ ಹಾಳೆ ಒಣಹುಲ್ಲಿಗೆ ಸಮ. ಗಿಡವನ್ನು ಕಿತ್ತವರಾರು, ಯಾವ ದಿನ, ಯಾವ ಊರಿನ ಯಾವ ನೆಲದಲ್ಲಿ, ಹೂವಿನ ಬಣ್ಣವೇನು, ಊರವರು ಏನೆಂದು ಕರೆಯುತ್ತಾರೆ ಎಂಬುದೆಲ್ಲ ಅದರಲ್ಲಿರಬೇಕು. ಹಳದಿ ಹೂವು ಒಣಗಿದ ಮೇಲೆ ಕಳೆಗುಂದುತ್ತದೆ. ಬರೆಯದೆ ಹೋದರೆ ಬಣ್ಣ ಶಾಶ್ವತವಾಗಿ ಹೋಯಿತು. ಊರಿನ ಹೆಸರಿನಲ್ಲಿಯೂ ಎಚ್ಚರ ಬೇಕು. 'ಮದ್ದೂರಿನ ಬಳಿ, ರಸ್ತೆಯ ಬದಿ' ಎಂದಷ್ಟೇ ಬರೆದರೆ ಮುಂದಿನವರು ಯಾವ ರಸ್ತೆಯೆಂದು ತಿಳಿಯಬೇಕು? 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಹಳೆಯ ದಾರಿಯ ಚಹರೆಯನ್ನೇ ಬದಲಿಸಿದೆ. ಇನ್ನೂ ಒಂದು ತೊಡಕುಂಟು. ಮಂಡ್ಯ ಜಿಲ್ಲೆ ರಚನೆಯಾದದ್ದು 1939ರಲ್ಲಿ. ಅದಕ್ಕೆ ಮುಂಚೆ ಮಳವಳ್ಳಿಯಲ್ಲಿ ಕಿತ್ತ ಗಿಡದ ಚೀಟಿಯಲ್ಲಿ ಮೈಸೂರು ಜಿಲ್ಲೆ ಎಂದಿರುವುದೇ ಸಹಜ. 1973ಕ್ಕೆ ಮುಂಚಿನ ಚೀಟಿಯಲ್ಲಿ ಕರ್ನಾಟಕವೆಂಬ ರಾಜ್ಯದ ಹೆಸರೇ ಇರಲಾರದು. ಸಂಗ್ರಹದಲ್ಲಿ ಮಂಡ್ಯವೆಂಬ ಹೆಸರನ್ನಷ್ಟೇ ಹುಡುಕಿದವನು ಆ ಹಳೆಯ ಗಿಡಗಳನ್ನು ಕಾಣದೆಯೇ ಹಿಂದಿರುಗುತ್ತಾನೆ. ಚರಿತ್ರೆ ಓದದ ಸಸ್ಯಶಾಸ್ತ್ರಜ್ಞನಿಗೆ ಇಂಥ ಪಾಡು ತಪ್ಪಿದ್ದಲ್ಲ.

ಹೆಸರು ಬದಲಾದಾಗ ಹರ್ಬೇರಿಯಂನಲ್ಲಿ ಹಳೆಯದನ್ನು ಅಳಿಸುವುದಿಲ್ಲ. ಹೊಸ ಹೆಸರು, ಅದನ್ನು ನಿರ್ಧರಿಸಿದವರ ರುಜು, ದಿನಾಂಕಗಳುಳ್ಳ ಇನ್ನೊಂದು ಚೀಟಿಯನ್ನು ಪಕ್ಕದಲ್ಲಿ ಅಂಟಿಸುತ್ತಾರೆ. ಜಮೀನಿನ ದಾಖಲೆಯಲ್ಲಿ ಖಾತೆ ಬದಲಾದರೂ ಹಳೆಯ ಖಾತೆದಾರನ ಹೆಸರನ್ನು ಹುಡುಕಿ ತೆಗೆಯಬಹುದಲ್ಲವೇ, ಹಾಗೆ. ನಾಯಿಸಾಸಿವೆಯ ಹಾಳೆಯೊಂದರಲ್ಲಿ ಎರಡು ಮೂರು ಚೀಟಿಗಳಿದ್ದರೆ ಅಚ್ಚರಿಪಡಬೇಕಾಗಿಲ್ಲ. 1753ರಲ್ಲಿ ಲಿನ್ನೇಯಸ್ ಅದಕ್ಕೆ ಕ್ಲಿಯೋಮ್ ವಿಸ್ಕೋಸ ಎಂದು ಹೆಸರಿಟ್ಟನು. ವಿಸ್ಕೋಸ ಎಂದರೆ ಅಂಟುಳ್ಳದ್ದು. ಆದರೆ ಅವನಿಗಿಂತ ಮೊದಲೇ, ಹದಿನೇಳನೆಯ ಶತಮಾನದಲ್ಲಿ, ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ಎಂಬಾತನು ಈಳವ ವೈದ್ಯ ಇಟ್ಟಿ ಅಚ್ಚುದನ್, ಕೊಂಕಣಿ ಪಂಡಿತರಾದ ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರ ನೆರವಿನಿಂದ ಸಿದ್ಧಪಡಿಸಿದ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಈ ಗಿಡ 'ಅರಿಯವೀಳ' ಎಂಬ ಮಲಯಾಳದ ಹೆಸರಿನಿಂದ ಕಾಣಿಸಿಕೊಂಡಿತ್ತು. 1838ರಲ್ಲಿ ರಾಫಿನೆಸ್ಕ್ ಎಂಬ ವಿದ್ವಾಂಸನು ಆ ಮಾತನ್ನೇ ತಿದ್ದಿ ಅರಿವೇಲ ಎಂಬ ಹೊಸ ಜಾತಿನಾಮವನ್ನು ಸೃಷ್ಟಿಸಿದನು. ಇಂದು ಅನೇಕರು ನಾಯಿಸಾಸಿವೆಯನ್ನು ಅರಿವೇಲ ವಿಸ್ಕೋಸ ಎಂದೇ ಬರೆಯುತ್ತಾರೆ. ಹೀಗೆ ಮಲಬಾರಿನ ಹಳ್ಳಿಯ ಹೆಸರೊಂದು ಲೋಕದ ವಿಜ್ಞಾನದಲ್ಲಿ ನೆಲೆನಿಂತಿತು. ಕನ್ನಡದ ನಾಯಿಸಾಸಿವೆಗೆ ಆ ಯೋಗ ಒದಗಲಿಲ್ಲ. ಚೀಟಿಯ ಮೇಲೆ ಊರಹೆಸರನ್ನು ಬರೆದಿಡುವ ಸಂಗ್ರಾಹಕರು ಮಾತ್ರ ಅದನ್ನು ಉಳಿಸುತ್ತಾರೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ದೊಡ್ಡ ಚಾಲನೆ ದೊರೆತದ್ದು ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ ಸೆಸಿಲ್ ಜೆ. ಸಲ್ಡಾನ ಅವರಿಂದ. ಅವರೂ ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ಡಾನ್ ನಿಕೋಲ್ಸನ್ ಅವರೂ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥ 1976ರಲ್ಲಿ ಹೊರಬಂದಿತು. ಮೈಸೂರು ಜಿಲ್ಲೆಯ ಸಸ್ಯಗಳನ್ನು ಕುರಿತು ಆರ್. ರಾಘವೇಂದ್ರ ರಾವ್ ಮತ್ತು ಬಿ. ಎ. ರಾಜಿ ಅವರ ಗ್ರಂಥ 1981ರಲ್ಲಿ ಪ್ರಕಟವಾಯಿತು. ಸಲ್ಡಾನ ಅವರು ಮುಂದೆ ಇಡೀ ರಾಜ್ಯವನ್ನೇ ಕೈಗೆತ್ತಿಕೊಂಡು 1984ರಲ್ಲಿ ಮೊದಲ ಸಂಪುಟವನ್ನೂ 1996ರಲ್ಲಿ ಎರಡನೆಯದನ್ನೂ ಹೊರತಂದರು. ಇಂಥ ಗ್ರಂಥದ ಒಂದೊಂದು ಸಾಲಿನ ಹಿಂದೆಯೂ ಒಣಗಿದ ಗಿಡವೊಂದು ಸಾಕ್ಷಿಯಾಗಿ ನಿಂತಿರಬೇಕು. ಇಂಥ ತಾಲ್ಲೂಕಿನಲ್ಲಿ ಇಂಥ ಗಿಡವಿದೆ ಎಂಬ ಮಾತನ್ನು ಯಾರಾದರೂ ಶಂಕಿಸಿದರೆ ಹಾಳೆಯನ್ನು ತೆಗೆದು ತೋರಿಸಬೇಕು. ಸೇಂಟ್ ಜೋಸೆಫ್ಸ್ ಕಾಲೇಜಿನ ಆ ಸಂಗ್ರಹ ಈಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ.

ಮಂಡ್ಯ ಜಿಲ್ಲೆಗೆ ಇಂಥ ಸಾಕ್ಷ್ಯದ ಅಗತ್ಯ ಉಳಿದೆಡೆಗಳಿಗಿಂತ ಹೆಚ್ಚೆಂದೇ ಹೇಳಬೇಕು. ಏಕೆಂದರೆ ಒಂದೇ ತಲೆಮಾರಿನಲ್ಲಿ ನೆಲದ ಸ್ವಭಾವವೇ ತಿರುಗಿಹೋದ ನಾಡು ಇದು. 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆಯ ಕೆಲಸ ಆರಂಭವಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಇರ್ವಿನ್ ನಾಲೆಯಲ್ಲಿ ಕಾವೇರಿಯ ನೀರು ಮಂಡ್ಯ, ಮದ್ದೂರುಗಳ ಬಯಲಿಗೆ ಹರಿಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಯಿತು. ರಾಗಿಯ ಹೊಲ ಕಬ್ಬಿನ ಗದ್ದೆಯಾಯಿತು, ಅಕ್ಕಡಿ ಸಾಲು ಮಾಯವಾಯಿತು. ಬೆಳೆಯ ಬದಲಾವಣೆಯನ್ನು ಸರ್ಕಾರದ ಲೆಕ್ಕಪತ್ರಗಳು ದಾಖಲಿಸುತ್ತವೆ. ಆದರೆ ಬೆದ್ದಲಿನ ಬದುವಿನಲ್ಲಿ ಯಾವ ಕಳೆ ಇತ್ತು, ನೀರು ನಿಂತ ಮೇಲೆ ಯಾವುದು ಹೋಗಿ ಯಾವುದು ಬಂದಿತು ಎಂಬುದನ್ನು ಯಾವ ಶಾನುಭೋಗನೂ ಬರೆದಿಡಲಿಲ್ಲ. ಒಣನೆಲವನ್ನು ಮೆಚ್ಚುವ ನಾಯಿಸಾಸಿವೆ ಹಲಗೂರಿನ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಬೇರೂರಬಲ್ಲುದು. ತೇವದ ಅಂಚನ್ನು ಬಯಸುವ ರೋರಿಪ್ಪದಂಥ ನಿಜವಾದ ಸಾಸಿವೆಬಳಗದ ಪುಟ್ಟ ಕಳೆಗೆ ನಾಲೆಯ ದಂಡೆಯೇ ಅನುಕೂಲ. ನೀರಿಗೆ ಮುಂಚಿನ ಹಾಳೆಯೊಂದು, ನೀರು ಬಂದ ಮೇಲಿನ ಹಾಳೆಯೊಂದು ದೊರೆತರೆ ಮಾತ್ರ ನೆಲದ ಈ ಚರಿತ್ರೆಯನ್ನು ಊಹೆಯಿಲ್ಲದೆ ಬರೆಯಬಹುದು. ಕಳೆಯನ್ನು ಯಾರು ಸಂಗ್ರಹಿಸುತ್ತಾರೆಂಬ ತಾತ್ಸಾರದಿಂದ ತಪ್ಪಿಹೋದ ವರ್ಷಗಳನ್ನು ಮತ್ತೆ ಪಡೆಯುವ ಬಗೆಯಿಲ್ಲ.

ಗಿಡವನ್ನು ಸರಿಯಾಗಿ ಗುರುತಿಸುವುದು ಕೇವಲ ವಿದ್ವಾಂಸರ ಹವ್ಯಾಸವೆಂದು ತಿಳಿಯಬಾರದು. ಇದೇ ಹೊಲಗಳಲ್ಲಿ, ಮುಖ್ಯವಾಗಿ ಪಾಳುನೆಲದಲ್ಲಿ, ಅಮೆರಿಕ ಖಂಡದಿಂದ ಬಂದು ನೆಲಸಿದ ಇನ್ನೊಂದು ಹಳದಿ ಹೂವಿನ ಗಿಡವುಂಟು. ಅರಿಶಿನ ಉಮ್ಮತ್ತ ಎಂದೂ ಕೆಲವೆಡೆ ದತ್ತೂರಿ ಎಂದೂ ಕರೆಯುವ ಆ ಗಿಡಕ್ಕೆ ಮೈತುಂಬ ಮುಳ್ಳು, ಮುರಿದರೆ ಹಳದಿ ಹಾಲು. ನಿಂತ ಗಿಡವನ್ನು ಸಾಸಿವೆಯೆಂದು ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಅದರ ಬೀಜವನ್ನು ಸಾಸಿವೆಯ ರಾಶಿಯಲ್ಲಿ ಬೆರೆಸಿಬಿಟ್ಟರೆ ಬರಿಗಣ್ಣಿಗೆ ಪತ್ತೆಹಚ್ಚುವುದು ಕಷ್ಟ. ಅದರ ಎಣ್ಣೆ ವಿಷ. ಸೇವಿಸಿದವರ ಕಾಲು ಬಾತು, ಉಸಿರು ಕಟ್ಟಿ, ಹೃದಯ ಸೋಲುತ್ತದೆ. 1998ರಲ್ಲಿ ದೆಹಲಿಯಲ್ಲಿ ಇಂಥ ಬೆರಕೆಯ ಸಾಸಿವೆ ಎಣ್ಣೆಯಿಂದ ಸುಮಾರು 60 ಜನ ಮರಣ ಹೊಂದಿದರು, ಸಾವಿರಾರು ಜನ ಆಸ್ಪತ್ರೆ ಸೇರಿದರು. ಬೀಜವನ್ನು ಪರೀಕ್ಷಿಸುವವನಿಗೆ ಹೋಲಿಸಿ ನೋಡಲು ಖಚಿತವಾಗಿ ಹೆಸರಿಸಿದ ಬೀಜವೊಂದು ಎದುರಿಗಿರಬೇಕು. ಹರ್ಬೇರಿಯಂ ಹಾಳೆಯ ಲಕೋಟೆಯಲ್ಲಿರುವುದು ಅದೇ.

ಒಣಗಿದ ಎಲೆಯಿಂದ ಇನ್ನೂ ಏನೇನು ಹೊರಡಬಹುದೆಂಬುದನ್ನು ಅದನ್ನು ಅಂಟಿಸಿದವರು ಕನಸಿನಲ್ಲಿಯೂ ಎಣಿಸಿರಲಾರರು. 1845ರಿಂದ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆ ಕೊಳೆತು ಭೀಕರ ಕ್ಷಾಮ ಉಂಟಾಯಿತು. ಆ ಕಾಲದಲ್ಲಿ ಒತ್ತಿಟ್ಟ ರೋಗದ ಎಲೆಗಳಿಂದ ವಂಶದ್ರವ್ಯವನ್ನು ತೆಗೆದು, ರೋಗಕ್ಕೆ ಕಾರಣವಾದ ಜೀವಿಯ ತಳಿಯನ್ನು ವಿಜ್ಞಾನಿಗಳು 2013ರಲ್ಲಿ ಗುರುತಿಸಿದರು. ಎಲೆಗಳು ಸುಮ್ಮನೆ ಕಾದಿದ್ದವು. ಕೇಳುವ ಪ್ರಶ್ನೆ ತಡವಾಗಿ ಬಂದಿತು.

ಲಂಡನ್ನಿನಲ್ಲಿ ಇನ್ನೂ ವಿಚಿತ್ರವಾದ ಸಂಗತಿಯೊಂದು ನಡೆಯಿತು. 1940ರಲ್ಲಿ ಅಲ್ಲಿನ ಪ್ರಕೃತಿ ಇತಿಹಾಸದ ವಸ್ತುಸಂಗ್ರಹಾಲಯದ ಮೇಲೆ ಯುದ್ಧದ ಬಾಂಬು ಬಿದ್ದು ಹರ್ಬೇರಿಯಂಗೆ ಬೆಂಕಿ ಹತ್ತಿತು. ಬೆಂಕಿಯನ್ನಾರಿಸಲು ಸುರಿದ ನೀರಿನಿಂದ ಹಾಳೆಗಳೆಲ್ಲ ತೊಯ್ದವು. ಕೆಲವು ದಿನಗಳ ಮೇಲೆ ನೋಡಿದರೆ, ಚೀನಾದಲ್ಲಿ 1793ರಲ್ಲಿ ಸಂಗ್ರಹಿಸಿದ್ದ ಬಾಗೆಯ ಜಾತಿಯ ಮರವೊಂದರ ಬೀಜಗಳು ಮೊಳೆತಿದ್ದವು.

ನಾಯಿಸಾಸಿವೆಯ ಬೀಜ ಅಷ್ಟು ಗಟ್ಟಿಯದಲ್ಲ. ಲಕೋಟೆಯೊಳಗೆ ಅದು ಒಂದೂವರೆ ಶತಮಾನ ಜೀವಹಿಡಿದು ಕೂತಿರುವುದೆಂದು ನಿರೀಕ್ಷಿಸುವಂತಿಲ್ಲ. ಮಳವಳ್ಳಿಯ ಹೊಲದಲ್ಲಿ ಅದಕ್ಕೆ ಅಂಥ ತಾಳ್ಮೆಯ ಅಗತ್ಯವೂ ಇಲ್ಲ. ಕಾರ್ತಿಕದ ಬಿಸಿಲಿಗೆ ಕಾಯಿಗಳು ತುದಿಯಿಂದ ಬಾಯಿಬಿಟ್ಟು, ಬದುವಿನ ಮೇಲೆ ಕಾಳುಗಳು ಉದುರುತ್ತವೆ. ಮುಂದಿನ ಮುಂಗಾರಿಗೆ ಅವೇ ಮತ್ತೆ ತಲೆಯೆತ್ತುತ್ತವೆ.